ಬುಧವಾರದ ಹನ್ನೊಂದು ಸುತ್ತು

ಏಪ್ರಿಲ್ ೧೬, ಮಂಗಳವಾರ

ಮೇಡಂ ಅವರಿಗೆ,

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಇವತ್ತು ಎರಡು ಕೈಗಡಿಯಾರಕ್ಕೆ ಸೆಲ್ ಹಾಕಿದೆ. ಒಂದು ಅಲಾರಂ ಗಡಿಯಾರ ಬಂತು. ಬಿಚ್ಚಿದರೆ ಒಳಗೆ ಸತ್ತ ಜಿರಲೆ. ತೆಗೆದು, ಒರೆಸಿ, ನಡೆಯುವಂತೆ ಮಾಡಿ ಇಟ್ಟೆ. ಆಮೇಲೆ ಯಾರೂ ಬರಲಿಲ್ಲ. ಹಾಗಾಗಿ ಈ ಪತ್ರ.

ನಾನು ನಿಮ್ಮ ವಿದ್ಯಾರ್ಥಿನಿಯ ತಂದೆ. ಅಂಚೆ ಕೋರ್ಸಿನಲ್ಲಿ ನಿಮ್ಮ ಹತ್ತಿರ ತತ್ವಶಾಸ್ತ್ರ ಓದುತ್ತಿದ್ದಳಲ್ಲ, ಗಡಿಯಾರ ರಿಪೇರಿಯವನ ಮಗಳು. ಮನೆಯಲ್ಲಿ ಟಿಕ್ಕಿ ಎಂದು ಕರೆಯುತ್ತಿದ್ದೆವು. ಮಾರ್ಚ್ ಆರರ ಬುಧವಾರ ನಿಮ್ಮ ಹತ್ತು ದಿನದ ತರಗತಿಗೆಂದು ಹೊರಟಳು. ಅವಳು ಹತ್ತಿದ ಬಸ್ಸು ಸೇತುವೆಯಿಂದ ಕೆಳಗೆ ಬಿತ್ತು. ನಿಮ್ಮ ಕಚೇರಿಯವರು ತಿಳಿಸಿರಬಹುದು.

ಅವಳ ನೋಟ್‌ಬುಕ್ಕು ನನ್ನ ಮೇಜಿನ ಮೇಲೆ ಉಳಿದಿದೆ. ಅದರ ತುಂಬ ಒಬ್ಬ ಹಳೆಯ ಕಾಲದ ತತ್ವಜ್ಞಾನಿಯ ಮಾತು. ಚಿತ್ರದಲ್ಲಿ ತಲೆಯ ಮೇಲೆ ದೊಡ್ಡ ಗುಂಗುರು ವಿಗ್ ಇದೆಯಲ್ಲ, ಆತ. ಟಿಕ್ಕಿ ಅವನನ್ನು ವಿಗ್ ತಾತ ಎನ್ನುತ್ತಿದ್ದಳು. ಎರಡು ಗಡಿಯಾರ ಯಾವಾಗಲೂ ಒಂದೇ ಸಮಯ ತೋರಿಸಬೇಕಾದರೆ ಮೂರು ದಾರಿ ಇವೆ ಎಂದು ಅವನು ಹೇಳಿದನಂತೆ. ಮೊದಲ ಎರಡನ್ನು ಅವಳು ಬರೆದಿದ್ದಾಳೆ. ಮೂರನೆಯದು ಹೀಗೆ ನಿಂತಿದೆ: ‘ಮೂರನೆಯ ದಾರಿಯಲ್ಲಿ ಗಡಿಯಾರದವನು ಮತ್ತೆ ಬಂದು ಮುಟ್ಟುವ ಕೆಲಸವೇ ಇಲ್ಲ. ಆದರೆ ಅಪ್ಪ ದಿನಾ’. ಅಷ್ಟೇ. ಮುಂದೆ ಪುಟ ಖಾಲಿ. ನಾನು ಏಳನೆಯ ತರಗತಿಯವರೆಗೆ ಓದಿದವನು. ಮೂರನೆಯ ದಾರಿ ಏನೆಂದು ನನಗೆ ತಿಳಿಯುವ ಹಾಗೆ ಬರೆದು ಕಳಿಸಬಹುದೇ?

ಕೇಳಲು ಒಂದು ಕಾರಣವಿದೆ. ನಮ್ಮ ಮನೆ ಉದ್ದಕ್ಕೆ ಇದೆ. ಮುಂದೆ ಅಂಗಡಿ, ನಡುವೆ ಟಿಕ್ಕಿಯ ಕೋಣೆ, ಹಿಂದೆ ಅಡುಗೆಮನೆ. ಕೋಣೆಗೆ ಎರಡು ಬಾಗಿಲು, ಅಂಗಡಿಯ ಕಡೆಗೊಂದು, ಅಡುಗೆಮನೆಯ ಕಡೆಗೊಂದು. ಅಂಗಡಿಯ ಗೋಡೆಗೆ ನನ್ನ ಗಡಿಯಾರ ಇದೆ, ಅದೇ ಗೋಡೆಯ ಆ ಕಡೆ ಅವಳದು. ಅವಳದು ಒಮ್ಮೆ ಕೀ ಕೊಟ್ಟರೆ ಎಂಟು ದಿನ ನಡೆಯುವ ಗಡಿಯಾರ. ಪ್ರತಿ ಬುಧವಾರ ಅವಳೇ ಕೀ ಕೊಡುತ್ತಿದ್ದಳು. ಒಂದು ಬುಧವಾರ ತಪ್ಪಿದರೆ ಮರುದಿನ ಗುರುವಾರವೇ ನಿಲ್ಲಬೇಕು. ಅವಳು ಹೋಗಿ ಇವತ್ತಿಗೆ ನಲವತ್ತೊಂದು ದಿನ. ಗಡಿಯಾರ ನಡೆಯುತ್ತಲೇ ಇದೆ. ನನ್ನದಕ್ಕಿಂತ ಹತ್ತು ನಿಮಿಷ ಮುಂದಿದೆ. ಅದು ಯಾಕೆ ಎನ್ನುವುದು ನನಗೆ ಗೊತ್ತು, ಈಗ ಬರೆಯುವುದಿಲ್ಲ.

ಕೀ ಕೊಡುವವಳು ನನ್ನ ಹೆಂಡತಿಯೇ. ಬೇರೆ ಯಾರೂ ಮನೆಯಲ್ಲಿಲ್ಲ. ಆ ದಿನದಿಂದ ನಾವಿಬ್ಬರೂ ಮಾತಾಡಿಲ್ಲ. ಜಗಳವಿಲ್ಲ, ಮಾತು ಬರುವುದಿಲ್ಲ ಅಷ್ಟೇ. ಊಟಕ್ಕೆ ಅವಳು ಮೇಜು ತಟ್ಟುತ್ತಾಳೆ, ನಾನು ಕೆಮ್ಮುತ್ತೇನೆ. ಬುಧವಾರ ಮಾತ್ರ ಗೋಡೆಯಾಚೆ ಕೀ ತಿರುಗುವ ಸದ್ದು ಕೇಳುತ್ತದೆ. ಅವಳು ಇನ್ನೂ ಇದ್ದಾಳೆ ಎಂದು ಆಗ ಸಮಾಧಾನವಾಗುತ್ತದೆ.

ನಾಳೆ ಬುಧವಾರ. ಪತ್ರವನ್ನು ಇವತ್ತೇ ಡಬ್ಬಿಗೆ ಹಾಕುತ್ತೇನೆ.

—ಟಿಕ್ಕಿಯ ಅಪ್ಪ

ಏಪ್ರಿಲ್ ೨೨, ಸೋಮವಾರ

ಮಾನ್ಯರೇ,

ನಿಮ್ಮ ಪತ್ರ ಶನಿವಾರ ತಲುಪಿತು. ಸಾಂತ್ವನದ ಮಾತು ನನಗೆ ಬರುವುದಿಲ್ಲ, ಕ್ಷಮಿಸಿ. ನಿಮ್ಮ ಮಗಳನ್ನು ನಾನು ನೋಡಿದ್ದು ಎರಡೇ ಸಲ. ಆದರೆ ಅವಳ ಉತ್ತರಪತ್ರಿಕೆ ಬಂದ ದಿನ ಉಳಿದ ಕಟ್ಟನ್ನು ಪಕ್ಕಕ್ಕೆ ಸರಿಸಿ ಅದನ್ನೇ ಮೊದಲು ಓದುತ್ತಿದ್ದೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೊದಲ ದಾರಿ: ಎರಡು ಗಡಿಯಾರಗಳು ಒಂದನ್ನೊಂದು ಎಳೆದು ಹೊಂದಿಕೊಳ್ಳುವುದು. ಎರಡನೆಯದು: ಕುಶಲಕರ್ಮಿಯೊಬ್ಬ ಪಕ್ಕದಲ್ಲೇ ನಿಂತು ಕ್ಷಣಕ್ಷಣವೂ ಎರಡನ್ನೂ ಸರಿಪಡಿಸುತ್ತಿರುವುದು. ಮೂರನೆಯದು: ಮಾಡುವಾಗಲೇ ಎಷ್ಟು ಚೆನ್ನಾಗಿ ಮಾಡಿರುವುದೆಂದರೆ, ಒಂದರ ಸುದ್ದಿ ಇನ್ನೊಂದಕ್ಕೆ ತಿಳಿಯದೆಯೂ ಎರಡೂ ಕೊನೆಯವರೆಗೆ ಒಟ್ಟಿಗೆ ನಡೆಯುವುದು. ನಮ್ಮ ದೇಹ ಮತ್ತು ಮನಸ್ಸು ಹೊಂದಿಕೊಂಡಿರುವುದು ಈ ಮೂರನೆಯ ದಾರಿಯಲ್ಲಿ ಎನ್ನುತ್ತಾನೆ ಆತ. ಅವನ ಪ್ರಕಾರ ಪ್ರತಿ ಜೀವವೂ ಕಿಟಕಿಯಿಲ್ಲದ ಕೋಣೆ. ಹೊರಗಿನಿಂದ ಒಳಗೆ ಏನೂ ಬರುವುದಿಲ್ಲ. ಆದರೂ ಪ್ರತಿ ಕೋಣೆಯೊಳಗೂ ಇಡೀ ಲೋಕ ಕಾಣುತ್ತದೆ, ಒಂದೊಂದಕ್ಕೆ ಒಂದೊಂದು ಕೋನದಿಂದ.

ಕಾರಣವಿಲ್ಲದೆ ಯಾವುದೂ ಇಲ್ಲ ಎನ್ನುವುದು ಆತನ ಇನ್ನೊಂದು ಮಾತು. ಗಡಿಯಾರ ನಡೆಯುತ್ತಿದ್ದರೆ ಕೀ ಕೊಡುವವರು ಇದ್ದಾರೆ ಎಂದೇ ಅರ್ಥ. ನೀವು ಹೇಳಿದಂತೆ ನಿಮ್ಮ ಮನೆಯವರೇ ಇರಬೇಕು. ಹತ್ತು ನಿಮಿಷದ ವ್ಯತ್ಯಾಸದ ಬಗ್ಗೆ ಬೇಸರ ಮಾಡಿಕೊಳ್ಳಬೇಡಿ, ಹಳೆಯ ಯಂತ್ರಗಳು ಓಡುವುದು ಸಹಜ.

ಕುತೂಹಲಕ್ಕೆ ಕೇಳುತ್ತೇನೆ. ಆ ಗಡಿಯಾರಕ್ಕೆ ಒಂದೇ ಕೀ ಇರುವುದೇ?

—ನಿಮ್ಮ ಮಗಳ ಅಧ್ಯಾಪಕಿ

ಏಪ್ರಿಲ್ ೨೭, ಶನಿವಾರ

ಮೇಡಂ,

ಮಧ್ಯಾಹ್ನ ಎರಡೂವರೆ. ಒಳಗಿನದರಲ್ಲಿ ಎರಡು ನಲವತ್ತು. ಬೆಳಿಗ್ಗೆ ಕ್ಷೌರದ ಅಂಗಡಿಯವರು ಬಂದು, “ಮಾಸ್ಟ್ರೇ, ನಮ್ಮ ಗಡಿಯಾರ ಮತ್ತೆ ಮುಂದೆ ಓಡ್ತಿದೆ, ಗಿರಾಕಿಗಳು ಅರ್ಧ ಗಡ್ಡದಲ್ಲೇ ಎದ್ದು ಹೋಗ್ತಾರೆ” ಎಂದರು. ನಗಬೇಕಿತ್ತು. ಗಡಿಯಾರ ಇಸಿದುಕೊಂಡು ಮೂಲೆಯಲ್ಲಿ ಮುಖ ಕೆಳಗೆ ಮಾಡಿ ಇಟ್ಟೆ.

ವಿಗ್ ತಾತ ಬುದ್ಧಿವಂತನೇ. ಕೂಡಿ ಕಳೆಯುವ ಯಂತ್ರವನ್ನೂ ಮಾಡಿದ್ದನಂತೆ, ಹಲ್ಲುಚಕ್ರದ್ದು. ಟಿಕ್ಕಿ ಚಿತ್ರ ತೋರಿಸಿದ್ದಳು, ಕೆಲಸ ಚೊಕ್ಕ. ಆದರೆ ಮೊದಲನೆಯ ದಾರಿಯನ್ನು ಅವನು ಬೇಗ ಬಿಟ್ಟುಬಿಟ್ಟ ಎಂದು ನನಗನಿಸುತ್ತದೆ. ಒಂದೇ ಹಲಗೆಗೆ ಎರಡು ಲೋಲಕದ ಗಡಿಯಾರ ತೂಗುಹಾಕಿ ನೋಡಿ. ಒಂದೆರಡು ದಿನದಲ್ಲಿ ಎರಡೂ ಹೆಜ್ಜೆ ಕೂಡಿಸುತ್ತವೆ, ಒಂದು ಎಡಕ್ಕೆ ಹೋದಾಗ ಇನ್ನೊಂದು ಬಲಕ್ಕೆ. ಮರದೊಳಗೆ ಹಾದುಹೋಗುವ ನಡುಕ ಅವಕ್ಕೆ ಸಾಕು. ನಾನೂ ಅದನ್ನೇ ಯೋಚಿಸಿದ್ದೆ, ನನ್ನ ಗಡಿಯಾರವೇ ಗೋಡೆಯ ಮೂಲಕ ಅವಳದನ್ನು ನಡೆಸುತ್ತಿದೆಯೇ ಎಂದು. ಇಲ್ಲ ಮೇಡಂ. ಗೋಡೆ ಲೋಲಕವನ್ನು ಚೂರು ತೂಗಬಹುದು, ಮುಳ್ಳನ್ನು ಮುಂದೆ ತಳ್ಳಲಾರದು. ಅದಕ್ಕೆ ಒಳಗೆ ಸುತ್ತಿದ ಸ್ಪ್ರಿಂಗೇ ಬೇಕು.

ನೀವು ಕೇಳಿದಿರಿ. ಕೀ ಒಂದೇ. ಗುಜರಿಯಿಂದ ತಂದ ಗಡಿಯಾರ ಅದು, ಕೀ ಕೂರುವ ಕಡ್ಡಿ ಸವೆದು ಹೋಗಿತ್ತು. ಅದನ್ನು ಅರದಿಂದ ತಿಕ್ಕಿ ಐದು ಮೂಲೆ ಮಾಡಿ, ಅದಕ್ಕೆ ತಕ್ಕ ಕೀಯನ್ನು ನಾನೇ ಹಿತ್ತಾಳೆಯಲ್ಲಿ ಕೊರೆದೆ. ಬೇರೆ ಯಾವ ಕೀಯೂ ಅದಕ್ಕೆ ಹಿಡಿಯುವುದಿಲ್ಲ. ಎರಡು ಕಿವಿಯ ಕೀ. ಒಂದು ಕಿವಿಯ ಮೇಲೆ ಟಿಕ್ಕಿಯ ಹಲ್ಲಿನ ಗುರುತಿದೆ, ಹಾಲುಹಲ್ಲು ಬರುವಾಗ ಕಚ್ಚಿದ್ದು. ಅವಳ ಕೋಣೆಯೊಳಗಿನ ಕೊಕ್ಕೆಗೆ ಹಾಕಿಡುತ್ತಿದ್ದಳು. ಈಗ ಇವಳು, ನನ್ನ ಹೆಂಡತಿ, ತೆಗೆದುಕೊಳ್ಳುತ್ತಿರಬೇಕು.

ಬುಧವಾರ ಬೆಳಿಗ್ಗೆ ಒಳಗಿನ ಗಡಿಯಾರ ಏಳು ಹೊಡೆಯುತ್ತದೆ. ನನ್ನದು ಏಳು ಹೊಡೆಯಲು ಹತ್ತು ನಿಮಿಷ ಇರುತ್ತದೆ. ಆ ಹತ್ತು ನಿಮಿಷದಲ್ಲೇ ಸದ್ದು. ಹನ್ನೊಂದು ಸುತ್ತು. ಆರನೆಯದಾದ ಮೇಲೆ ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಉಳಿದ ಐದು. ಟಿಕ್ಕಿಯೂ ಹಾಗೆಯೇ ಆರಕ್ಕೆ ನಿಲ್ಲಿಸಿ ಕೈ ಬದಲಿಸುತ್ತಿದ್ದಳು. ಇವಳು ಅವಳನ್ನು ಇಷ್ಟು ನೋಡಿ ಇಟ್ಟುಕೊಂಡಿದ್ದಳು ಎಂದು ನನಗೆ ಗೊತ್ತಿರಲಿಲ್ಲ.

ನಾಳೆ ಭಾನುವಾರ, ಅಂಗಡಿ ಇಲ್ಲ.

—ಟಿಕ್ಕಿಯ ಅಪ್ಪ

ಮೇ ೩, ಶುಕ್ರವಾರ

ಮಾನ್ಯರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಒಂದು ವಿಷಯ ನೇರವಾಗಿ ಕೇಳುತ್ತೇನೆ. ನಿಮ್ಮ ಮನೆಯವರು ಕೀ ಕೊಡುವುದನ್ನು ನೀವು ಕಣ್ಣಾರೆ ನೋಡಿದ್ದೀರಾ? ಕೇಳಿದ್ದೀರಿ, ಸರಿ. ನೋಡಿದ್ದೀರಾ?

ಆ ತತ್ವಜ್ಞಾನಿ ಒಂದು ಉದಾಹರಣೆ ಕೊಡುತ್ತಾನೆ. ದಡದಲ್ಲಿ ನಿಂತಾಗ ಸಮುದ್ರದ ಮೊರೆತ ಕೇಳುತ್ತದೆ. ಒಂದೇ ಒಂದು ಸಣ್ಣ ಅಲೆಯ ಸದ್ದು ಬಂದರೆ ನಮ್ಮ ಗಮನಕ್ಕೆ ಬಾರದು. ಆದರೆ ಒಂದೊಂದನ್ನೂ ಒಂದಿಷ್ಟಾದರೂ ಕೇಳಿಸಿಕೊಳ್ಳದಿದ್ದರೆ ಎಲ್ಲ ಸೇರಿದ ಮೊರೆತವೂ ಕೇಳುತ್ತಿರಲಿಲ್ಲ. ಅಂದರೆ ನಮಗೆ ಗೊತ್ತಾಗದ ಹಾಗೆಯೇ ನಾವು ಎಷ್ಟನ್ನೋ ಗ್ರಹಿಸುತ್ತಿರುತ್ತೇವೆ. ಇಷ್ಟು ವರ್ಷ ಪ್ರತಿ ಬುಧವಾರ ಕೇಳಿದ ಸದ್ದು ನಿಮ್ಮ ಕಿವಿಯೊಳಗೇ ಉಳಿದಿರಬಹುದು. ನಿಮಗೆ ಕೇಳುತ್ತಿರುವುದು ಆ ನೆನಪೇ ಇರಬಹುದು. ಇದು ನಾನು ಕೊಡಬಲ್ಲ ಒಳ್ಳೆಯ ವಿವರಣೆ. ಇದು ಸದ್ದಿಗೆ ಸಾಕಾಗುತ್ತದೆ, ನಡೆಯುತ್ತಿರುವ ಗಡಿಯಾರಕ್ಕೆ ಸಾಕಾಗುವುದಿಲ್ಲ ಎನ್ನುವುದೂ ನನಗೆ ಗೊತ್ತು.

ದಯವಿಟ್ಟು ಅವರನ್ನು ಕೇಳಿ. ಒಂದೇ ಪ್ರಶ್ನೆ: ‘ನೀನು ಕೀ ಕೊಡುತ್ತಿದ್ದೀಯಾ?’ ಉತ್ತರವನ್ನು ನನಗೆ ಬರೆಯಿರಿ.

ಕಳೆದ ಬುಧವಾರ ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷವಿರುವಾಗ ನಾನೂ ಇಲ್ಲಿ ಎದ್ದು ಕುಳಿತಿದ್ದೆ. ಯಾಕೆ ಎಂದು ಕೇಳಬೇಡಿ.

—ಅಧ್ಯಾಪಕಿ

ಮೇ ೯, ಗುರುವಾರ

ಮೇಡಂ,

ಸಂಜೆ ನಾಲ್ಕು. ಇವತ್ತು ಕೆಲಸ ಮಾಡಲಿಲ್ಲ. ಸ್ಕ್ರೂಗಳನ್ನು ಅಳತೆ ನೋಡಿ ಡಬ್ಬಿಗಳಿಗೆ ಹಾಕಿದೆ, ಆಮೇಲೆ ನೋಡಿದರೆ ಎಲ್ಲ ತಪ್ಪು ಡಬ್ಬಿಯಲ್ಲಿದ್ದವು.

ಕೇಳಲು ನನ್ನಿಂದಾಗದು. ನೋಡಿಯೂ ಇಲ್ಲ. ಕೋಣೆಯ ಬಾಗಿಲು ಅಂಗಡಿಯ ಕಡೆಯಿಂದ ಮಾರ್ಚ್ ಆರರಿಂದ ಮುಚ್ಚಿದೆ, ಆ ಚಿಲಕ ನಾನು ಮುಟ್ಟಿಲ್ಲ. ಅಡುಗೆಮನೆಯ ಕಡೆಯಿಂದ ಅವಳು ಹೋಗುತ್ತಾಳೆ ಎಂದುಕೊಂಡಿದ್ದೇನೆ. ನಾನು ಕೇಳಿ, ಅವಳು ನಾಚಿಕೊಂಡು ನಿಲ್ಲಿಸಿಬಿಟ್ಟರೆ? ನಮ್ಮಿಬ್ಬರ ನಡುವೆ ಉಳಿದಿರುವುದು ಅದೊಂದೇ ಸದ್ದು.

ಹತ್ತು ನಿಮಿಷದ ವಿಷಯ ನೀವು ತಪ್ಪು ತಿಳಿದಿರಿ. ಯಂತ್ರ ಓಡಲಿಲ್ಲ. ನನ್ನ ಕೈಯಿಂದ ಹೋದ ಗಡಿಯಾರ ಹಾಗೆಲ್ಲ ಓಡುವುದಿಲ್ಲ.

ದಿನಾ ಬೆಳಿಗ್ಗೆ ನಮಗೊಂದು ಆಟವಿತ್ತು. ಅವಳು ಗೋಡೆಯಾಚೆಯಿಂದ, “ಅಪ್ಪಾ, ನಿನ್ನದು ಎಷ್ಟು?” ಎಂದು ಕೂಗುತ್ತಿದ್ದಳು. ನಾನು ಹೇಳುತ್ತಿದ್ದೆ. “ನನ್ನದೂ ಅಷ್ಟೇ! ವಿಗ್ ತಾತ ಗೆದ್ದ!” ಎನ್ನುತ್ತಿದ್ದಳು. ಆ ಬುಧವಾರ ನನ್ನ ಗಡಿಯಾರವನ್ನು ಎಣ್ಣೆ ಹಾಕಲು ಇಳಿಸಿದ್ದೆ. ಅದರ ಮೊಳೆಗೆ ಕ್ಷೌರದ ಅಂಗಡಿಯ ಗಡಿಯಾರವನ್ನು ಪರೀಕ್ಷೆಗೆ ಹಾಕಿದ್ದೆ. ಅದು ಹತ್ತು ನಿಮಿಷ ಮುಂದಿತ್ತು. “ಅಪ್ಪಾ, ನಿನ್ನದು ಎಷ್ಟು?” ನಾನು ತಲೆ ಎತ್ತಿ ಮೊಳೆಯನ್ನು ನೋಡಿ ಹೇಳಿದೆ, “ಏಳೂ ಮುಕ್ಕಾಲು.” ಅವಳದರಲ್ಲಿ ಏಳು ಮೂವತ್ತೈದು. ಅದೇ ಸರಿಯಾದ ಸಮಯ. “ಅಯ್ಯೋ, ನನ್ನದು ಹಿಂದೆ ಬಿದ್ದಿದೆ” ಎಂದು ಮುಳ್ಳು ಮುಂದಕ್ಕೆ ತಿರುಗಿಸಿದಳು. ಆ ಸದ್ದೂ ಕೇಳಿಸಿತು ನನಗೆ. ಬ್ಯಾಗು ಹಿಡಿದು ಓಡಿದಳು. ಹೋಗಬೇಕಿದ್ದದ್ದು ಎಂಟರ ಬಸ್ಸಿಗೆ. ಹತ್ತು ನಿಮಿಷ ಮುಂಚೆ ತಲುಪಿದ್ದರಿಂದ ಏಳೂ ಮುಕ್ಕಾಲರ ಬಸ್ಸು ಸಿಕ್ಕಿತು. ಎಂಟರ ಬಸ್ಸಿನವರೆಲ್ಲ ಕ್ಷೇಮವಾಗಿ ಊರು ಮುಟ್ಟಿದರು.

ಇದು ಇವಳಿಗೆ ಗೊತ್ತಿಲ್ಲ. ಗೊತ್ತಾದರೆ ಅವಳು ಈ ಮನೆಯಲ್ಲಿ ಉಳಿಯುವುದಿಲ್ಲ. ನಾನು ಬಾಯಿ ತೆರೆದರೆ ಮೊದಲು ಬರುವ ಮಾತು ಇದೇ. ಅದಕ್ಕೇ ತೆರೆಯುವುದಿಲ್ಲ.

ಇರಬಹುದಾದ ಲೋಕಗಳಲ್ಲೆಲ್ಲ ಇದೇ ಉತ್ತಮ ಎಂದು ವಿಗ್ ತಾತ ಹೇಳಿದನೆಂದು ನೋಟ್‌ಬುಕ್ಕಿನಲ್ಲಿದೆ. ಅವನಿಗೆ ಮಕ್ಕಳಿದ್ದರೇ ಮೇಡಂ?

ನಿನ್ನೆ ಬುಧವಾರ. ಹನ್ನೊಂದು ಸುತ್ತು. ಆರಕ್ಕೆ ನಿಂತಿತು.

ನಾಳೆ ಕ್ಷೌರದ ಅಂಗಡಿಯವರು ಗಡಿಯಾರ ಕೇಳಿಕೊಂಡು ಬರುತ್ತಾರೆ.

—ಟಿಕ್ಕಿಯ ಅಪ್ಪ

ಮೇ ೧೮, ಶನಿವಾರ

ಮಾನ್ಯರೇ,

ಇಲ್ಲ, ಅವನಿಗೆ ಮಕ್ಕಳಿರಲಿಲ್ಲ.

ಉತ್ತರ ತಡವಾಯಿತು. ಮೂರು ಸಲ ಬರೆದು ಹರಿದೆ. ಕಾರಣವಿಲ್ಲದೆ ಯಾವುದೂ ಇಲ್ಲ ಎಂದು ಇಪ್ಪತ್ತಾರು ವರ್ಷ ಪಾಠ ಹೇಳಿದವಳು ನಾನು. ಈಗ ನನ್ನ ಮೇಜಿನ ಮೇಲೆ ಇರುವುದನ್ನು ನಿಮಗೆ ಹೇಳಬೇಕು.

ಏಪ್ರಿಲ್ ಇಪ್ಪತ್ತರ ಶನಿವಾರ ನಿಮ್ಮ ಪತ್ರದ ಜೊತೆಗೆ ಇನ್ನೊಂದು ಬಂತು. ಅದೂ ನಿಮ್ಮ ಮನೆಯಿಂದಲೇ. ಅದರ ಮೇಲೂ ಏಪ್ರಿಲ್ ಹದಿನಾರು. ನಿಮ್ಮ ಮನೆಯವರು ಕೋರ್ಸಿನ ಲಕೋಟೆಯಿಂದ ವಿಳಾಸ ತೆಗೆದುಕೊಂಡು ಬರೆದಿದ್ದರು. ನೀವು ಕೇಳಿದ್ದನ್ನೇ ಕೇಳಿದ್ದರು: ಟಿಕ್ಕಿ ಹೇಳುತ್ತಿದ್ದ ಎರಡು ಗಡಿಯಾರದ ಮಾತು ಏನು? ಒಂದೇ ಮನೆ, ಒಂದೇ ದಿನ, ಒಬ್ಬರ ಸುದ್ದಿ ಇನ್ನೊಬ್ಬರಿಗಿಲ್ಲ. ನಿಮಗೆ ತಿಳಿಸಬಾರದೆಂದು ಕೇಳಿಕೊಂಡಿದ್ದರು. ನಾನು ತಿಳಿಸಲಿಲ್ಲ. ಮತ್ತೆ ಬರೆದಾಗ ಅವರ ಮಾತು ಇದು, ಹಾಗೆಯೇ ಇಳಿಸುತ್ತೇನೆ:

‘ಇವರು ಬಾಯಿ ಬಿಡುವುದಿಲ್ಲ. ಆದರೆ ಬುಧವಾರ ತಪ್ಪದೆ ಅವಳ ಗಡಿಯಾರಕ್ಕೆ ಕೀ ಕೊಡುತ್ತಾರೆ. ಅಡುಗೆಮನೆಯಿಂದ ಎಣಿಸುತ್ತೇನೆ, ಹನ್ನೊಂದು ಸುತ್ತು. ಅವಳ ಹಾಗೆಯೇ ಆರಕ್ಕೆ ನಿಲ್ಲಿಸುತ್ತಾರೆ. ಆ ಸದ್ದಿಗೋಸ್ಕರವೇ ನಾನು ಈ ಮನೆಯಲ್ಲಿದ್ದೇನೆ.’

ಎರಡೂ ಪತ್ರಗಳನ್ನು ಪಕ್ಕಪಕ್ಕ ಇಟ್ಟೆ. ನೀವು ಅವರೆಂದುಕೊಂಡಿದ್ದೀರಿ. ಅವರು ನೀವೆಂದುಕೊಂಡಿದ್ದಾರೆ.

ಇನ್ನೊಂದು ಮಾತು, ಮೊದಲೇ ಹೇಳಬೇಕಾಗಿತ್ತು. ಮಾರ್ಚ್ ಎಂಟರಂದು, ನಿಮ್ಮ ಮಗಳು ತರಗತಿಗೆ ಬರಲಿಲ್ಲವಲ್ಲ ಎಂದು ನಾನು ಬೇಸರದಲ್ಲಿದ್ದಾಗ, ಅವಳ ಲಕೋಟೆ ಬಂತು. ಬಸ್ ನಿಲ್ದಾಣದ ಡಬ್ಬಿಗೆ ಹಾಕಿದ್ದಳು. ಒಳಗೆ ಒಂದು ಚೀಟಿ: ‘ಮೇಡಂ, ಇವತ್ತು ಕೀ ಕೊಟ್ಟಿದ್ದೇನೆ. ಕೀ ಅಪ್ಪನಿಗೂ ಸಿಗದ ಹಾಗೆ, ನನ್ನ ಕೈಯಲ್ಲೂ ಇರದ ಹಾಗೆ, ಅಂಚೆಯಲ್ಲಿ ನಿಮಗೆ ಕಳಿಸುತ್ತಿದ್ದೇನೆ. ಹತ್ತು ದಿನ ಕಳೆದು ನಾನು ಮನೆಗೆ ವಾಪಸ್ಸು ಹೋದಾಗಲೂ ನನ್ನ ಗಡಿಯಾರ ನಡೆಯುತ್ತಿದ್ದರೆ, ವಿಗ್ ತಾತನ ಮೂರು ದಾರಿ ಸಾಲದು ಎಂದು ನಿಮ್ಮ ಹತ್ತಿರ ವಾದ ಮಾಡುತ್ತೇನೆ.’ ಚೀಟಿಯ ಜೊತೆಗೆ ಹಿತ್ತಾಳೆಯ ಕೀ. ಐದು ಮೂಲೆ, ಎರಡು ಕಿವಿ. ಒಂದು ಕಿವಿಯ ಮೇಲೆ ಸಣ್ಣ ಹಲ್ಲಿನ ಗುರುತು.

ಅಂದಿನಿಂದ ಅದು ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಬೀಗ ಹಾಕಿದ ಡ್ರಾಯರು.

ಈ ಪತ್ರದ ಜೊತೆ ಅದನ್ನು ಕಳಿಸುತ್ತಿದ್ದೇನೆ. ಇದನ್ನು ನಿಮ್ಮ ಮನೆಯವರಿಗೆ ತೋರಿಸುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ತೋರಿಸಿದರೆ ಆ ಸದ್ದು ನಿಮ್ಮಿಬ್ಬರ ಕೈಯಿಂದಲೂ ಹೋಗುತ್ತದೆ. ಹತ್ತು ನಿಮಿಷದ ವಿಷಯವೂ ಹೇಳಬೇಕಾಗುತ್ತದೆ. ನಾನು ಅವರಿಗೆ ಅದನ್ನು ಬರೆದಿಲ್ಲ. ಎರಡನ್ನೂ ಸರಿಪಡಿಸುವ ಕುಶಲಕರ್ಮಿ ನಾನಲ್ಲ.

—ಟಿಕ್ಕಿಯ ಮೇಡಂ

ಮೇ ೨೮, ಮಂಗಳವಾರ

ಮೇಡಂ,

ಸಂಜೆ ಐದೂಕಾಲು. ಇವತ್ತು ಅಂಗಡಿ ತೆರೆಯಲಿಲ್ಲ. ಕೋಣೆ ತೆರೆದೆವು.

ನಿಮ್ಮ ಪತ್ರ ಗುರುವಾರ ಬಂತು. ಮೂರು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಕೀ ಒಂದು ಜೇಬು, ಪತ್ರ ಇನ್ನೊಂದು ಜೇಬು. ಭಾನುವಾರ ಊಟಕ್ಕೆ ಅವಳು ಮೇಜು ತಟ್ಟಿದಾಗ ಕೆಮ್ಮಲಿಲ್ಲ. ಎರಡನ್ನೂ ಅವಳ ತಟ್ಟೆಯ ಪಕ್ಕ ಇಟ್ಟೆ.

ಅವಳು ಕೀಯನ್ನು ಎತ್ತಿ ಹಲ್ಲಿನ ಗುರುತಿನ ಮೇಲೆ ಬೆರಳಾಡಿಸಿದಳು.

“ಇದು ಎಲ್ಲಿತ್ತು?”

ಎಂಬತ್ತೊಂದು ದಿನದ ಮೇಲಿನ ಮೊದಲ ಮಾತು.

“ಮೇಡಂ ಹತ್ರ. ಅವತ್ತಿಂದ.”

“ಮತ್ತೆ ನೀವು ಯಾವುದ್ರಲ್ಲಿ ಕೀ ಕೊಡ್ತಿದ್ರಿ?”

“ನಾನೆಲ್ಲಿ ಕೊಟ್ಟೆ? ನೀನಲ್ವಾ?”

“ಡಬ್ಬಿ ಮುಚ್ಚಳ ತೆಗೆಯೋಕೆ ನಿಮ್ಮನ್ನು ಕರೀತಿದ್ದೋಳು ನಾನು. ಗಡಿಯಾರಕ್ಕೆ ಕೀ ಕೊಡ್ತೀನಾ?” ಎಂದಳು. ಆಮೇಲೆ ಪತ್ರ ಓದಿದಳು. ಊಟ ತಣ್ಣಗಾಯಿತು. ಓದಿ ಮುಗಿಸಿ, ಮಡಿಚಿ, ಕೀಯ ಕೆಳಗೆ ಇಟ್ಟಳು. ಕೊನೆಗೆ ನಾನೇ ಹೇಳಿದೆ, ಕ್ಷೌರದ ಅಂಗಡಿಯ ಗಡಿಯಾರ, ಮೊಳೆ, ಹತ್ತು ನಿಮಿಷ, ಎಲ್ಲ.

“ಗೊತ್ತು” ಎಂದಳು.

“ಯಾವಾಗಿಂದ?”

“ಅವತ್ತೇ. ನಿಮ್ಮದನ್ನ ಮತ್ತೆ ಮೊಳೆಗೆ ಹಾಕಿದ ಮೇಲೆ, ಮಧ್ಯಾಹ್ನ ಹನ್ನೆರಡು ಗಂಟೆ ಎರಡು ಸಲ ಹೊಡೀತಲ್ಲ, ಮೊದಲು ಅವಳದು, ಹತ್ತು ನಿಮಿಷಕ್ಕೆ ನಿಮ್ಮದು. ಇನ್ನೂ ಸುದ್ದಿ ಬಂದಿರಲಿಲ್ಲ. ಒಲೆ ಮುಂದೆ ನಿಂತಿದ್ದೆ. ಯಾಕೆ ಎರಡು ಸಲ ಅಂತ ಯೋಚನೆ ಮಾಡ್ತಿದ್ದಾಗಲೇ ಬಾಗಿಲು ತಟ್ಟಿದ್ರು.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಗೆ ಹೇಳ್ಲಿ? ಅವಳು ಅನುಮಾನದಲ್ಲಿದ್ಳು ಕಣ್ರೀ. ‘ಅಮ್ಮಾ, ನನ್ನದೇ ಸರಿ ಅನ್ಸತ್ತೆ’ ಅಂದ್ಳು. ನಾನೇ ಹೇಳಿದ್ದು, ಅಪ್ಪನದು ಯಾವತ್ತಾದ್ರೂ ತಪ್ಪಿದ್ಯಾ, ಸುಮ್ನೆ ತಿರುಗಿಸ್ಕೊಂಡು ಹೊರಡು ಅಂತ.”

ಮೇಡಂ, ಅಷ್ಟು ದಿನ ನಾನು ಅವಳಿಂದ ಮುಚ್ಚಿಟ್ಟೆ, ಅವಳು ನನ್ನಿಂದ ಮುಚ್ಚಿಟ್ಟಳು. ಮುಚ್ಚಿಟ್ಟದ್ದು ಒಂದೇ ಹತ್ತು ನಿಮಿಷ.

ಕೋಣೆ ತೆರೆಯಲು ಇಬ್ಬರಿಗೂ ಮತ್ತೆರಡು ದಿನ ಬೇಕಾಯಿತು. ಇವತ್ತು ಬೆಳಿಗ್ಗೆ ನಾನು ಅಂಗಡಿಯ ಕಡೆಯ ಚಿಲಕ ತೆಗೆದೆ, ಅವಳು ಅಡುಗೆಮನೆಯ ಕಡೆಯದು. ಎರಡೂ ತುಕ್ಕು ಹಿಡಿದು ಬಿಗಿಯಾಗಿದ್ದವು. ನೆಲದ ಮೇಲೆ ಧೂಳು ಒಂದೇ ಸಮ ಕೂತಿತ್ತು. ಹೆಜ್ಜೆಯ ಗುರುತು ಒಂದೂ ಇಲ್ಲ. ಗಡಿಯಾರದ ಗಾಜಿನ ಬಾಗಿಲಿನಿಂದ ಗೋಡೆಗೆ ಜೇಡ ಬಲೆ ಕಟ್ಟಿತ್ತು, ಹರಿದಿರಲಿಲ್ಲ. ಬಾಗಿಲು ತೆರೆದಿದ್ದರೆ ಹರಿಯಬೇಕಿತ್ತು. ಕೀಯ ಕೊಕ್ಕೆ ಖಾಲಿ. ಗಡಿಯಾರ ನಡೆಯುತ್ತಿತ್ತು.

ನಾನು ಹತ್ತಿರ ಹೋಗಿ ಲೋಲಕ ನೋಡಿದೆ. ಇದು ನನ್ನ ಕೆಲಸ, ಇದರಲ್ಲಿ ಕಣ್ಣು ತಪ್ಪುವುದಿಲ್ಲ. ಕೀ ಕೊಟ್ಟ ಮರುದಿನ ತೂಗು ಅಗಲವಾಗಿರುತ್ತದೆ, ದಿನ ಕಳೆದಂತೆ ಚೂರು ಚೂರು ಕಿರಿದಾಗುತ್ತದೆ. ಇದರ ತೂಗು ಕೀ ಕೊಟ್ಟು ಆರು ದಿನವಾದ ಗಡಿಯಾರದ್ದು. ಹೋದ ಬುಧವಾರ ಯಾರೋ ಕೀ ಕೊಟ್ಟಿದ್ದಾರೆ. ಗಡಿಯಾರ ಈಗ ಮತ್ತೆ ಕೀ ಕೇಳುತ್ತಿದೆ.

ನಾನು ಜೇಬಿನಿಂದ ಕೀ ತೆಗೆದೆ. ಅವಳು ಕೈ ಹಿಡಿದಳು.

“ಇವತ್ತು ಬೇಡ. ಅದರ ದಿನ ಅಲ್ಲ.”

“ಹತ್ತು ನಿಮಿಷ ಹಿಂದಕ್ಕಾದ್ರೂ ತಿರುಗಿಸ್ಲಾ? ಸರಿ ಮಾಡ್ಲಾ?”

“ಅವಳೇ ತಿರುಗಿಸಿದ್ದು. ಇರ್ಲಿ ಬಿಡಿ.”

ಮಧ್ಯಾಹ್ನ ಅಂಗಡಿಯಿಂದ ಎರಡು ಕುರ್ಚಿ ತಂದು ಗಡಿಯಾರದ ಎದುರಿಗೆ ಹಾಕಿದೆ. ಒಂದರ ಕಾಲು ಕುಂಟುತ್ತದೆ. ಅದು ಯಾರಿಗೆ ಎನ್ನುವುದಕ್ಕೂ ಮಾತು ನಡೆಯಿತು, ನನಗೇ ಬಂತು. ಬಲೆಯನ್ನು ಅವಳು ತೆಗೆಯಲು ಬಿಡಲಿಲ್ಲ. ಕೀ ಯಾರ ಕೈಯಲ್ಲಿರಬೇಕೆಂದು ಕೇಳಿದೆ. ಅವಳು ತೆಗೆದುಕೊಂಡು ಅದರ ಕೊಕ್ಕೆಗೇ ಹಾಕಿದಳು. ಇಬ್ಬರೂ ಮುಟ್ಟುವುದಿಲ್ಲ ಎಂದು ಮಾತಾಗಿದೆ. ಕೂತು ನೋಡುತ್ತೇವೆ. ಗಡಿಯಾರ ನಿಂತರೆ ನಿಲ್ಲಲಿ, ನಿಂತಾಗ ಇಬ್ಬರೂ ಅಲ್ಲೇ ಇರುತ್ತೇವೆ.

ಈಗ ಅವಳು ಒಳಗೆ ಇದ್ದಾಳೆ. ನಾನು ಅಂಗಡಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಡುವಿನ ಬಾಗಿಲು ತೆರೆದೇ ಇದೆ. ಈಗಷ್ಟೇ, “ರೀ, ನಿಮ್ಮದು ಎಷ್ಟು?” ಎಂದು ಕೂಗಿದಳು. ಹೇಳಿದೆ.

ನಾಳೆ ಬುಧವಾರ. ನಮ್ಮ ಮನೆಯಲ್ಲಿ ಏಳು ಗಂಟೆ ಎರಡು ಸಲ ಹೊಡೆಯುತ್ತದೆ.

—ಟಿಕ್ಕಿಯ ಅಪ್ಪ